ಪಂಚೆಯ ಪರದೆಯ ಮೇಲೆ ಹನುಮಂತನ ಸಮುದ್ರಲಂಘನ

ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ರಾಮಾಯಣ ಹೇಳಲು ಹೊರಟವರು ಸಾಮಾನ್ಯವಾಗಿ ದಶರಥನ ಪುತ್ರಕಾಮೇಷ್ಟಿಯಿಂದ ಆರಂಭಿಸುತ್ತಾರೆ. ನಾನು ಸುಂದರಕಾಂಡದ ಮೊದಲ ಸರ್ಗದಿಂದ ಆರಂಭಿಸುತ್ತೇನೆ. ಅದನ್ನೂ ಪುಸ್ತಕ ಹಿಡಿದು ಓದುವುದಿಲ್ಲ. ನಮ್ಮ ಬಡಾವಣೆಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಬಿಳಿಯ ಪಂಚೆಯೊಂದನ್ನು ಬಿಗಿಯಾಗಿ ಕಟ್ಟಿ, ಅದರ ಹಿಂದೆ ದೀಪವಿಟ್ಟು, ನೆರಳಿನಲ್ಲಿ ಆಡಿಸುತ್ತೇನೆ. ಹನುಮಂತ ಕಡಲು ದಾಟುವಾಗ ಎದುರಾಗುವ ಮೈನಾಕ ಪರ್ವತ, ನಾಗಮಾತೆ ಸುರಸೆ, ಹಾರುವವರ ನೆರಳನ್ನೇ ಹಿಡಿದೆಳೆಯುವ ಸಿಂಹಿಕೆ, ಈ ಮೂವರೂ ನೆರಳಿನಾಟಕ್ಕೆಂದೇ ಹುಟ್ಟಿದಂತಿದ್ದಾರೆ.

ಸುರಸೆಯ ಪ್ರಸಂಗವನ್ನೇ ನೋಡಿ. ವಾಲ್ಮೀಕಿಯಲ್ಲಿ ಹನುಮಂತ 10 ಯೋಜನ ಬೆಳೆದರೆ ಸುರಸೆ 20 ಯೋಜನ ಬಾಯಿ ತೆರೆಯುತ್ತಾಳೆ; ಅವನು 30 ಆದರೆ ಅವಳು 40; ಹೀಗೆ ಏರುತ್ತ ಏರುತ್ತ ಅವಳ ಬಾಯಿ 100 ಯೋಜನವಾದಾಗ ಅವನು ಥಟ್ಟನೆ ಹೆಬ್ಬೆರಳಿನಷ್ಟಾಗಿ ಒಳಹೊಕ್ಕು ಹೊರಬರುತ್ತಾನೆ. ಗೊಂಬೆಯನ್ನು ದೀಪದ ಹತ್ತಿರ ಒಯ್ದರೆ ನೆರಳು ಬೆಳೆಯುತ್ತದೆ, ಪರದೆಗೆ ತಾಗಿಸಿದರೆ ಕುಗ್ಗುತ್ತದೆ. ಇದನ್ನು ನಾನು ಹೇಳಿಕೊಡುವುದಿಲ್ಲ. ಗೊಂಬೆಯನ್ನು ಮಗುವಿನ ಕೈಗೆ ಕೊಟ್ಟು ‘ಹತ್ತು’ ಎಂದು ಕೂಗುತ್ತೇನೆ. ಸುರಸೆಯನ್ನು ಹಿಡಿದ ಮಗು ‘ಇಪ್ಪತ್ತು’ ಎನ್ನುತ್ತದೆ. ‘ಅರವತ್ತು, ಎಪ್ಪತ್ತು’ ಬರುವಷ್ಟರಲ್ಲಿ ಇಬ್ಬರೂ ದೀಪದ ಬಳಿ ಒತ್ತಿಕೊಂಡಿರುತ್ತಾರೆ. ನೂರಕ್ಕೆ ಹನುಮಂತನನ್ನು ಪರದೆಗೆ ಅಂಟಿಸಬೇಕೆಂಬುದನ್ನು ಅವರೇ ಕಂಡುಕೊಂಡಾಗ ಕೋಣೆಯಲ್ಲಿ ಏಳುವ ಕೇಕೆಯೇ ಬೇರೆ. ಬಲಕ್ಕಿಂತ ಉಪಾಯ ಹೆಚ್ಚು ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಆಮೇಲೆ ಉಳಿಯುವುದಿಲ್ಲ.

ಸಾಮಗ್ರಿಗಳೆಲ್ಲ ಮನೆಯಲ್ಲೇ ಸಿಗುತ್ತವೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಗೊಂಬೆಗೆ, ತೆಂಗಿನ ಪೊರಕೆಯ ಕಡ್ಡಿ ಹಿಡಿಕೆಗೆ. ಸುರಸೆಯ ಎರಡು ದವಡೆಗಳನ್ನು ಬೇರೆಬೇರೆ ಕತ್ತರಿಸಿ, ಸೂಜಿಯಿಂದ ತೂತು ಮಾಡಿ, ದಾರ ಪೋಣಿಸಿ ಎರಡೂ ಬದಿಗೆ ಗಂಟು ಹಾಕಿದರೆ ಬಾಯಿ ತೆರೆದು ಮುಚ್ಚುತ್ತದೆ. ಬಣ್ಣದ ನೆರಳು ಬೇಕೆಂದರೆ ತೆಳು ಬಿಳಿ ಹಾಳೆಗೆ ಕ್ರೇಯಾನ್ ಬಳಿದು, ಹಿಂದಿನಿಂದ ಕೊಬ್ಬರಿ ಎಣ್ಣೆ ಸವರಬೇಕು. ಹಾಳೆ ಬೆಳಕನ್ನು ಬಿಡತೊಡಗುತ್ತದೆ. ಬೆಳಕು ಮಾತ್ರ ಒಂದೇ ಬಿಂದುವಿನಿಂದ ಬರಬೇಕು. ಟ್ಯೂಬ್‌ಲೈಟ್ ಇಟ್ಟರೆ ನೆರಳಿನ ಅಂಚು ಮಸುಕಾಗುತ್ತದೆ, ಮೊಬೈಲಿನ ಟಾರ್ಚ್ ಸಾಕು.

ಈ ವಿದ್ಯೆ ನನ್ನದಲ್ಲ, ನಮ್ಮ ನಾಡಿನ ತೊಗಲುಗೊಂಬೆಯಾಟದವರದು. ಹದಮಾಡಿದ ಆಡಿನ ಚರ್ಮಕ್ಕೆ ಬಣ್ಣ ಹಾಕಿ, ದೀಪದ ಮುಂದೆ ಹಿಡಿದು, ರಾತ್ರಿಯಿಡೀ ರಾಮಾಯಣ ಮಹಾಭಾರತಗಳನ್ನು ಆಡಿಸಿದ ಕುಟುಂಬಗಳು ಅವು. ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಅಳತೆಯನ್ನೂ ಹಿರಿದು ಕಿರಿದು ಮಾಡಿದವರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ಅವರ ಚಿತ್ರವನ್ನು ಮಕ್ಕಳಿಗೆ ತೋರಿಸಿ, ‘ನಾವು ಆಡುವ ಆಟದ ದೊಡ್ಡಜ್ಜಿ ಇವರು’ ಎಂದು ಪರಿಚಯಿಸಿದೆ. ಅವರ ಆಟದಿಂದ ನಾನು ಪಡೆದ ಬಹುದೊಡ್ಡ ಉಪಕಾರವೆಂದರೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಜೋಡಿ. ಕಥೆಯ ನಡುವೆ ನುಗ್ಗಿ ಮಾತಾಡುವ ಹಕ್ಕು ಇವರಿಗಿದೆ. ದೊಡ್ಡವರ ಮುಂದೆ ಪ್ರಶ್ನೆ ಕೇಳಲು ಅಂಜುವ ಮಗುವೂ ಬಂಗಾರಕ್ಕನ ಗೊಂಬೆಯನ್ನು ಎತ್ತಿ ಹಿಡಿದರೆ ಸಲೀಸಾಗಿ ಕೇಳುತ್ತದೆ.

ಸಿಂಹಿಕೆಯ ವಿಷಯದಲ್ಲಿ ನಾನು ಎಚ್ಚರದಿಂದಿರುತ್ತೇನೆ. ಹನುಮಂತ ಅವಳ ಒಡಲು ಹೊಕ್ಕು ಅವಳನ್ನು ಕೊಲ್ಲುತ್ತಾನೆ. ಅದನ್ನು ಮುಚ್ಚಿಟ್ಟು ‘ಅವಳು ಓಡಿಹೋದಳು’ ಎಂದು ತಿದ್ದುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಮುಂದೆ ಓದುವ ಮಗು ನಮ್ಮ ಮಾತನ್ನು ನಂಬದಂತಾಗುತ್ತದೆ. ಒಂದೇ ವಾಕ್ಯದಲ್ಲಿ ‘ಅವಳು ಸತ್ತಳು’ ಎಂದು ಹೇಳಿ, ಪರದೆಯ ಮೇಲೆ ಏನನ್ನೂ ತೋರಿಸದೆ, ಮುಂದಕ್ಕೆ ಹೋಗುತ್ತೇನೆ. ಯುದ್ಧಕಾಂಡದ ಸಾವುಗಳನ್ನೂ ಅಗ್ನಿಪ್ರವೇಶವನ್ನೂ ಈ ವಯಸ್ಸಿನವರಿಗೆ ಆಡಿಸುವುದೇ ಇಲ್ಲ, ಅವು ಕಾಯಬಲ್ಲವು.

ಕೊನೆಗೆ ‘ಈ ಕಥೆಯ ನೀತಿ ಏನು’ ಎಂದು ಕೇಳಬೇಡಿ ಎಂದು ಪಾಲಕರಲ್ಲಿ ವಿನಂತಿಸುತ್ತೇನೆ. ಕೇಳದೆ ಬಿಟ್ಟರೆ ಮಕ್ಕಳೇ ಕೇಳುತ್ತಾರೆ. ಐದು ವರ್ಷದ ಹುಡುಗಿಯೊಬ್ಬಳು ಬಂಗಾರಕ್ಕನ ಬಾಯಿಂದ, ‘ಸುರಸೆಗೆ ಹಸಿವೆಯಾಗಿತ್ತಲ್ಲ, ಆಮೇಲೆ ಊಟ ಯಾರು ಹಾಕಿದರು?’ ಎಂದಳು. ಹಸಿವೆ ಬರಿಯ ನೆಪ, ದೇವತೆಗಳು ಅವಳನ್ನು ಪರೀಕ್ಷೆಗೆಂದು ಕಳುಹಿಸಿದ್ದರು ಎಂದು ನಾನು ಹೇಳಬಹುದಿತ್ತು. ಹೇಳದೆ ಪ್ರಶ್ನೆಯನ್ನು ಗುಂಪಿಗೇ ಒಪ್ಪಿಸಿದೆ. ಮೈನಾಕ ಹನುಮಂತನಿಗೆಂದು ಗೆಡ್ಡೆ ಹಣ್ಣುಗಳನ್ನು ತಂದಿದ್ದ, ಹನುಮಂತ ನಿಲ್ಲಲಿಲ್ಲ, ಹಾಗಾದರೆ ಅವು ಉಳಿದಿರಬೇಕು, ಅವನ್ನೇ ಸುರಸೆಗೆ ಕೊಟ್ಟರಾಯಿತು ಎಂದು ಇನ್ನೊಬ್ಬ ತೀರ್ಮಾನಿಸಿದ. ಹಣ್ಣಿನ ಬುಟ್ಟಿ ಹೊತ್ತ ಮೈನಾಕನ ಗೊಂಬೆ ಅಂದೇ ಸಿದ್ಧವಾಯಿತು. ಆ ದೃಶ್ಯ ಬಂದಾಗಲೆಲ್ಲ ‘ಇದು ವಾಲ್ಮೀಕಿ ಬರೆದದ್ದಲ್ಲ, ನಮ್ಮ ಮಕ್ಕಳು ಸೇರಿಸಿದ್ದು’ ಎಂದು ತಿಳಿಸಿಯೇ ಆಡಿಸುತ್ತೇನೆ.