ಒಟ್ಲು ಒಂದೇ, ಗದ್ದೆ ದೊಡ್ಡದು: ನನ್ನ ಕೂದಲು ಕಸಿಯ ಅನುಭವ

ಬೋಳಾಗಿದ್ದು ನನ್ನ ಮುಂದಲೆ. ಡಾಕ್ಟರ್ ಮೇಡಂ ಮೊದಲು ನೋಡಿದ್ದು ಹಿಂದಲೆ. "ತಿರುಗಿ ಕೂತ್ಕೊಳ್ಳಿ" ಅಂದವರು ಹಿಂದಿನ ಕೂದಲನ್ನು ಬೆರಳಿನಿಂದ ಬಗೆದು, ದಪ್ಪ ಪೆನ್ನಿನಂಥ ಒಂದು ಕ್ಯಾಮೆರಾ ಒತ್ತಿ ಹಿಡಿದರು. ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಬುಡ ಇದೆ ಅಂತ ಸ್ಕ್ರೀನ್ ನೋಡಿ ಎಣಿಸಿದರು. 72 ಬಂತು. ಒಂದೊಂದು ಬುಡದಲ್ಲಿ ಒಂದೋ ಎರಡೋ ಕೂದಲು, ಕೆಲವದರಲ್ಲಿ ಮೂರು. "ಸಾಧಾರಣ. ದುಂದು ಮಾಡೋ ಹಾಗಿಲ್ಲ" ಅಂದರು. ಆವತ್ತು ಆ ಮಾತು ನನ್ನ ತಲೆಗೆ ಹೋಗಲಿಲ್ಲ.

ಇದು 2021ರ ಮಾತು. ಅಷ್ಟು ಹೊತ್ತಿಗೆ ಕೂದಲು ಹೋಗಲು ಶುರುವಾಗಿ ಒಂಬತ್ತು ವರ್ಷ ಆಗಿತ್ತು. ಓದು ಮುಗಿಸಿ ಮದ್ದೂರಿನಿಂದ ಬೆಂಗಳೂರಿಗೆ ಬಂದು ಪಿಜಿ ಸೇರಿದ ವರ್ಷವೇ ಹಣೆಯ ಎರಡೂ ಮೂಲೆ ಹಿಂದೆ ಸರಿಯತೊಡಗಿತು. ಪಿಜಿಯಲ್ಲಿದ್ದವರೆಲ್ಲ ಬೋರ್‌ವೆಲ್ ನೀರನ್ನು ಬೈದರು. ನಾನೂ ಬೈದೆ. ಬಕೆಟ್ಟಿಗೆ ಫಿಲ್ಟರ್ ನೀರು ಹಿಡಿದು ತಲೆ ತೊಳೆದೆ. ಹೆಲ್ಮೆಟ್ ಒಳಗೆ ಕರ್ಚೀಫ್ ಕಟ್ಟಿದೆ. ಹರಳೆಣ್ಣೆ ಆಯಿತು, ಅವ್ವ ಕಾಯಿಸಿ ಕಳಿಸಿದ ಗರಗದ ಸೊಪ್ಪಿನ ಎಣ್ಣೆ ಆಯಿತು, ಈರುಳ್ಳಿ ರಸವೂ ಆಯಿತು. ಈರುಳ್ಳಿ ರಸದಿಂದ ಒಂದು ಪರಿಣಾಮ ಮಾತ್ರ ಖಂಡಿತ ಆಯಿತು: ನನ್ನ ರೂಮ್‌ಮೇಟ್ ಬೇರೆ ರೂಮ್ ಕೇಳಿಕೊಂಡು ಹೋದ.

ಗಡಸು ನೀರು ಕೂದಲನ್ನು ಒರಟು ಮಾಡುತ್ತೆ, ಸಿಕ್ಕು ಜಾಸ್ತಿ ಮಾಡುತ್ತೆ. ಆದರೆ ಅದು ಬುಡದವರೆಗೆ ಇಳಿದು ಬೊಕ್ಕತಲೆ ಮಾಡುವುದಿಲ್ಲ. ಹೆಲ್ಮೆಟ್ಟೂ ಅಷ್ಟೇ. ಯೋಚಿಸಿ ನೋಡಿ, ಹೆಲ್ಮೆಟ್ ತಲೆಯ ಸುತ್ತಲೂ ಉಜ್ಜುತ್ತೆ. ಕೂದಲು ಹೋಗುವುದು ಮುಂದೆ ಮತ್ತು ನೆತ್ತಿಯಲ್ಲಿ ಮಾತ್ರ. ನೀರು ತಲೆಯಿಡೀ ಬೀಳುತ್ತೆ, ಹಿಂದಿನ ಕೂದಲಿಗೆ ಏನೂ ಆಗಲ್ಲ. ಇಷ್ಟು ಸರಳ ವಿಷಯ ನನಗೆ ಹೊಳೆಯಲು ವರ್ಷಗಳೇ ಬೇಕಾದವು.

ಗಂಡಸರ ಬೊಕ್ಕತಲೆಗೆ ಮುಖ್ಯ ಕಾರಣ ಡಿಎಚ್‌ಟಿ ಅನ್ನುವ ಹಾರ್ಮೋನ್. ಟೆಸ್ಟೋಸ್ಟಿರಾನ್‌ನಿಂದಲೇ ನಮ್ಮ ದೇಹ ಅದನ್ನು ತಯಾರಿಸುತ್ತೆ. ಅದು ಎಲ್ಲರಲ್ಲೂ ಇರುತ್ತೆ. ಆದರೆ ಕೆಲವರ ಮುಂದಲೆ ಮತ್ತು ನೆತ್ತಿಯ ಬುಡಗಳಿಗೆ ಅದನ್ನು ಕಂಡರೆ ಆಗಲ್ಲ, ಅದು ವಂಶದಿಂದ ಬಂದ ಗುಣ. ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಾಂತಿ ತಗೊಂಡು ಉದುರುತ್ತೆ, ಮತ್ತೆ ಹೊಸದು ಬರುತ್ತೆ. ಡಿಎಚ್‌ಟಿ ತಾಗಿದ ಬುಡದಲ್ಲಿ ಪ್ರತಿ ಸಲ ಬರುವ ಕೂದಲು ಹಿಂದಿನದಕ್ಕಿಂತ ಸಪೂರ, ಗಿಡ್ಡ. ಕೊನೆಗೆ ಮಗುವಿನ ಮೈಮೇಲಿನ ನವಿರಿನಂತಾಗಿ ಕಣ್ಣಿಗೇ ಕಾಣಲ್ಲ. ಅಂದರೆ ದಿಂಬಿನ ಮೇಲೆ ಬಿದ್ದ ಕೂದಲು ಎಣಿಸಿ ಪ್ರಯೋಜನ ಇಲ್ಲ. ದಿನಕ್ಕೆ 50ರಿಂದ 100 ಎಲ್ಲರಿಗೂ ಉದುರುತ್ತೆ. ನೋಡಬೇಕಾದದ್ದು ಹುಟ್ಟುತ್ತಿರುವ ಕೂದಲಿನ ದಪ್ಪ.

ಇದು ತಾಯಿ ಕಡೆಯಿಂದ ಮಾತ್ರ ಬರುತ್ತೆ ಅನ್ನುತ್ತಾರಲ್ವಾ? ಅರ್ಧ ನಿಜ. ಮುಖ್ಯವಾದ ಒಂದು ಜೀನ್ ಇರುವುದು ತಾಯಿಯಿಂದ ಗಂಡುಮಕ್ಕಳಿಗೆ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿ. ಆದರೆ ಬೇರೆ ಎಷ್ಟೋ ಜೀನ್‌ಗಳು ಎರಡೂ ಕಡೆಯಿಂದ ಬರುತ್ತವೆ. ನನ್ನ ಸೋದರಮಾವನಿಗೆ ಅರವತ್ತಾದರೂ ಬಾಚಣಿಗೆ ನಿಲ್ಲುವಷ್ಟು ಕೂದಲಿದೆ. ನನ್ನದು ಅಪ್ಪನ ತಲೆ.

2017ರಲ್ಲಿ ಡೆಂಗಿ ಬಂತು. ಜ್ವರ ಬಿಟ್ಟು ಎರಡೂವರೆ ತಿಂಗಳಿಗೆ ತಲೆ ಸವರಿದರೆ ಹಿಡಿ ಹಿಡಿ ಕೂದಲು ಕೈಗೆ ಬರತೊಡಗಿತು. ಹಿಂದಿನಿಂದ, ಪಕ್ಕದಿಂದ, ಎಲ್ಲ ಕಡೆಯಿಂದ. ಎಲ್ಲಾ ಮುಗಿದೇ ಹೋಯಿತು ಅಂದುಕೊಂಡೆ. ಆರು ತಿಂಗಳಲ್ಲಿ ಅದರಷ್ಟಕ್ಕೇ ವಾಪಸ್ ಬಂತು, ಮುಂದಲೆ ಬಿಟ್ಟು. ಜೋರು ಜ್ವರ, ಹೆರಿಗೆ, ಆಪರೇಷನ್, ಒಮ್ಮೆಲೇ ಊಟ ಬಿಟ್ಟು ತೂಕ ಇಳಿಸುವುದು, ಇವೆಲ್ಲ ಆದ ಎರಡು ಮೂರು ತಿಂಗಳಿಗೆ ಹೀಗೆ ಉದುರುವುದುಂಟು. ಕೋವಿಡ್ ಆದಮೇಲೂ ಎಷ್ಟೋ ಜನ ಇದೇ ಗೋಳು ಹೇಳಿಕೊಂಡರು. ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ಇದೆಯಾ ಅಂತ ಮೊದಲು ನೋಡುತ್ತಾರೆ. ನಾಣ್ಯದ ಆಕಾರದಲ್ಲಿ ಅಲ್ಲಲ್ಲಿ ಬೋಳಾದರೆ ಅದು ಬೇರೆಯೇ ಕಾಯಿಲೆ, ಅದರ ಔಷಧಿಯೂ ಬೇರೆ. ಇದ್ಯಾವುದಕ್ಕೂ ಕಸಿ ಪರಿಹಾರ ಅಲ್ಲ. ಯಾವ ಥರದ ಉದುರುವಿಕೆ ಅಂತ ಚರ್ಮದ ಡಾಕ್ಟರ್ ಹತ್ತಿರ ಗೊತ್ತು ಮಾಡಿಕೊಳ್ಳದೆ ದುಡ್ಡು ಕಟ್ಟಿದರೆ ಸುಮ್ನೆ ದಂಡ.

ನಾನೂ ಕಟ್ಟಿಬಿಡುತ್ತಿದ್ದೆ. 2016ರಲ್ಲಿ, 27ನೇ ವಯಸ್ಸಿನಲ್ಲಿ, ಎಸಿ ಹಾಕಿದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಬಿಳಿ ಕೋಟು ಹಾಕಿದವರೊಬ್ಬರು ಬಂದರು. ಡಾಕ್ಟರ್ ಅಲ್ಲ, ಕೌನ್ಸೆಲರ್ ಅಂತ ಆಮೇಲೆ ತಿಳಿಯಿತು. ನನ್ನ ಹುಬ್ಬಿನ ಮೇಲೆ ಮೂರು ಬೆರಳು ಬಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕನ್ನಡಿ ಹಿಡಿದರು. ಕಾಲೇಜಿನ ಮೊದಲ ವರ್ಷದ ನಾನು! "ಒಂದೇ ಸಿಟ್ಟಿಂಗಲ್ಲಿ 3,500 ಗ್ರಾಫ್ಟ್ ಸರ್, ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್." ಗ್ರಾಫ್ಟ್ ಅಂದರೆ ಹಿಂದಲೆಯಿಂದ ಕಿತ್ತು ಮುಂದೆ ನೆಡುವ ಒಂದೊಂದು ಬುಡ. ಆದರೂ ಹಿಂದಲೆ ಯಾರೂ ನೋಡಲಿಲ್ಲ. ಕಾರ್ಡಿನಲ್ಲಿ ಅಷ್ಟು ಲಿಮಿಟ್ ಇರಲಿಲ್ಲವಾದ್ದರಿಂದ ಬಚಾವಾದೆ. ಆ ಗೆರೆಗೆ ತುಂಬಿಸಿದ್ದರೆ ಅದರ ಹಿಂದಿನ ನನ್ನ ಸ್ವಂತ ಕೂದಲು ಉದುರುತ್ತಾ ಹೋಗಿ, ಹಣೆಯ ಮೇಲೆ ಒಂದು ಪಟ್ಟಿ, ಅದರ ಹಿಂದೆ ಬಯಲು, ಹೀಗಾಗುತ್ತಿತ್ತು.

ಕಸಿ ಕೂದಲು ಉದುರುವುದನ್ನು ನಿಲ್ಲಿಸುವುದಿಲ್ಲ. ಇರುವ ಕೂದಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುತ್ತೆ, ಅಷ್ಟೇ. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ ಅನ್ನುವ ಚರ್ಮವೈದ್ಯರು 1950ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಹಿಂದಲೆಯಿಂದ ತೆಗೆದ ಬುಡ ಮುಂದಲೆಗೆ ಬಂದರೂ ತನ್ನ ಹಳೆಯ ಗುಣ ಬಿಡುವುದಿಲ್ಲ, ಡಿಎಚ್‌ಟಿಗೆ ಬಗ್ಗುವುದಿಲ್ಲ. ಇವತ್ತಿನ ಕಸಿಯೆಲ್ಲ ನಿಂತಿರುವುದು ಆ ಒಂದು ಗುಣದ ಮೇಲೆ. ಇದನ್ನು ಊರಿನಲ್ಲಿ ವಿವರಿಸಿದಾಗ ಅವ್ವ, "ಒಟ್ಲಿಂದ ಪೈರು ಕಿತ್ತು ಗದ್ದೆಗೆ ನೆಟ್ಟಂಗೆ ಅನ್ನು" ಅಂದಳು. ಹೂಂ ಅಂದೆ. "ಪೈರು ಸಾಲ್ದೆ ಬಂದ್ರೆ?" ಅಂತ ಕೇಳಿದಳು. ಭತ್ತಕ್ಕಾದರೆ ಪಕ್ಕದವರ ಒಟ್ಲಿನಿಂದ ನಾಲ್ಕು ಕಟ್ಟು ತರಬಹುದು. ತಲೆಗೆ ಹಾಗಾಗಲ್ಲ, ಕಿತ್ತ ಜಾಗದಲ್ಲಿ ಮತ್ತೆ ಹುಟ್ಟುವುದೂ ಇಲ್ಲ. ಮೇಡಂ ದುಂದು ಅಂದದ್ದು ಯಾವುದನ್ನು ಅಂತ ಆಗ ಗೊತ್ತಾಯಿತು.

ಮೇಡಂ ಒಂದು ವರ್ಷ ಕಾಯಿಸಿದರು. ಮಿನಾಕ್ಸಿಡಿಲ್ 5 ಪರ್ಸೆಂಟ್, ದಿನಕ್ಕೆ ಎರಡು ಸಲ ಒಂದೊಂದು ಎಂಎಲ್. ಜೊತೆಗೆ ಫಿನಾಸ್ಟೆರೈಡ್ 1 ಮಿಲಿಗ್ರಾಂ ಮಾತ್ರೆ. ತಮಾಷೆ ಅಂದರೆ ಮೊದಲನೆಯದು ಬಿಪಿ ಔಷಧಿಯಾಗಿತ್ತು. ರೋಗಿಗಳ ಮೈಮೇಲೆ ಕೂದಲು ಬೆಳೆಯುವುದು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು, ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡನೆಯದು ಪ್ರಾಸ್ಟೇಟ್ ಗ್ರಂಥಿಯ ಮಾತ್ರೆ, ಕೂದಲಿಗೆ ಒಪ್ಪಿಗೆ 1997ರಲ್ಲಿ. ಅದು ರಕ್ತದ ಡಿಎಚ್‌ಟಿಯನ್ನು ಸುಮಾರು ಮೂರನೇ ಎರಡು ಭಾಗ ಇಳಿಸುತ್ತೆ. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು, ಮನಸ್ಸು ಮಂಕಾಗಬಹುದು ಅಂತ ಮೇಡಂ ಮುಚ್ಚುಮರೆ ಇಲ್ಲದೆ ಹೇಳಿದರು. ನನಗೆ ಆಗಲಿಲ್ಲ. ಆಗ ನನ್ನ ಹೆಂಡತಿ ಬಸುರಿ. ಗಂಡುಮಗುವಿನ ಬೆಳವಣಿಗೆಗೆ ತೊಂದರೆ ಆಗಬಹುದಾದ್ದರಿಂದ ಬಸುರಿಯರು ಪುಡಿಯಾದ ಅಥವಾ ಮುರಿದ ಮಾತ್ರೆ ಮುಟ್ಟಬಾರದು ಅಂದರು. ಡಬ್ಬಿಯನ್ನು ಬೀರುವಿನ ಮೇಲಿಟ್ಟೆ. ಔಷಧಿ ಶುರುಮಾಡಿದ ಐದನೇ ವಾರ ಕೂದಲು ಇನ್ನೂ ಜಾಸ್ತಿ ಉದುರಿತು. ಹಳೆಯ ಕೂದಲನ್ನು ಹೊಸದು ತಳ್ಳುತ್ತದಂತೆ. ಮೊದಲೇ ಹೇಳದೇ ಇದ್ದಿದ್ದರೆ ಬಾಟಲಿ ಎಸೆದುಬಿಡುತ್ತಿದ್ದೆ. ವರ್ಷ ತುಂಬುವಾಗ ಉದುರುವುದು ನಿಂತಿತ್ತು, ನೆತ್ತಿ ಸ್ವಲ್ಪ ತುಂಬಿತ್ತು. ಹಣೆಯ ಮೂಲೆಗಳು ಹಾಗೇ ಇದ್ದವು.

ಕಸಿ ಮಾಡಿಸಿದ್ದು 2022ರ ನವೆಂಬರ್‌ನಲ್ಲಿ. ಎಚ್‌ಐವಿ, ಹೆಪಟೈಟಿಸ್, ಸಕ್ಕರೆ ಎಲ್ಲ ಟೆಸ್ಟ್ ಆಗಿತ್ತು. ಬೆಳಿಗ್ಗೆ ಎಂಟಕ್ಕೆ ಇಡ್ಲಿ ತಿಂದು ಹೋದೆ. ಮೇಡಂ ಗೆರೆ ಎಳೆದರು, ಹಿಂದಿನ ಕ್ಲಿನಿಕ್ಕಿನ ಗೆರೆಗಿಂತ ಒಂದೂವರೆ ಬೆರಳು ಮೇಲೆ. ಮೂಲೆಗಳನ್ನು ಪೂರ್ತಿ ಮುಚ್ಚಲಿಲ್ಲ. "ಐವತ್ತನೇ ವಯಸ್ಸಿಗೂ ಒಪ್ಪಬೇಕಲ್ಲ" ಅಂದರು. ತಲೆಯಿಡೀ ಮಿಷಿನ್ ಹೊಡೆದರು. ಮುಖ ಇಡಲು ತೂತಿರುವ ದಿಂಬಿನ ಮೇಲೆ ಕವುಚಿ ಮಲಗಿದೆ.

ನೋವು ಅಂದರೆ ಮರಗಟ್ಟಿಸುವ ಇಂಜೆಕ್ಷನ್‌ಗಳದ್ದು. ಹತ್ತು ನಿಮಿಷ ಹಲ್ಲು ಕಚ್ಚಿ ಹಿಡಿಯಬೇಕಾಯಿತು. ಆಮೇಲೆ ಬರೀ ಸದ್ದು. 0.9 ಮಿಲಿಮೀಟರಿನ ಟೊಳ್ಳು ಸೂಜಿ ತಿರುಗುತ್ತಾ ಒಂದೊಂದೇ ಬುಡದ ಸುತ್ತ ಕೊರೆಯುತ್ತೆ. ಬಟ್ಟೆ ಹೊಲಿಯುವ ಮಿಷಿನ್ ದೂರದಲ್ಲಿ ನಿಂತು ನಿಂತು ಓಡಿದ ಹಾಗೆ ಕೇಳುತ್ತೆ. ಮಧ್ಯೆ ಎದ್ದು ಕೂತಾಗ ನರ್ಸ್ ಒಬ್ಬರು ಗಾಜಿನ ತಟ್ಟೆ ತೋರಿಸಿದರು. ತಣ್ಣನೆ ಸಲೈನಿನಲ್ಲಿ ನೆನೆದ ಗಾಜ್ ಬಟ್ಟೆ, ಅದರ ಮೇಲೆ ಹತ್ತತ್ತರ ಸಾಲಿನಲ್ಲಿ ನನ್ನ ಬುಡಗಳು. ಪ್ರತಿಯೊಂದೂ ಅಕ್ಕಿಕಾಳಿಗಿಂತ ಸಣ್ಣದು, ಕೆಳಗೆ ಬೆಳ್ಳಗೆ ಜಿಡ್ಡು, ಮೇಲೆ ಗಡ್ಡದ ಮೊಳಕೆಯಷ್ಟು ಕಪ್ಪು. ಒಂಟಿ ಕೂದಲಿನವು 420, ಜೋಡಿ 1,150, ಮೂರರವು 530. ಒಟ್ಟು 2,100. ಒಂಟಿಯವನ್ನು ಮುಂದಿನ ಸಾಲಿಗೆ ಇಟ್ಟರು. ದಪ್ಪದವು ಮುಂದೆ ಬಂದರೆ ಬೊಂಬೆಯ ತಲೆಯಂತೆ ಕಾಣುತ್ತದಂತೆ.

ಮಧ್ಯಾಹ್ನ ಮೊಸರನ್ನ. ಆಮೇಲೆ ಅಂಗಾತ ಮಲಗಿಸಿ ಮುಂದೆ ಸೀಳು ಮಾಡಿ ನೆಟ್ಟರು. ಸೀಳಿನ ಕೋನ, ದಿಕ್ಕು ಮೇಡಂ ಅವರೇ ಮಾಡಿದರು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಗೆಳೆಯನೊಬ್ಬ ಅಗ್ಗದ ಪ್ಯಾಕೇಜ್ ಅಂತ ಬೇರೆ ಕಡೆ ಮಾಡಿಸಿದ್ದ. ಡಾಕ್ಟರ್ ಬಂದದ್ದು ಗೆರೆ ಎಳೆಯಲು ಮಾತ್ರ. ಒಂದೇ ಜಾಗದಲ್ಲಿ ಒತ್ತೊತ್ತಾಗಿ ಕಿತ್ತು, ಅವನ ಹಿಂದಲೆ ಇಲಿ ಕಡಿದ ಕಂಬಳಿಯಂತಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಯೂಟ್ಯೂಬ್ ಅಥವಾ ಕಾರ್ಯಾಗಾರ ನೋಡಿ ಕಲಿತದ್ದು ಕೂದಲು ಕಸಿ ಮಾಡಲು ಸಾಲದು ಅಂತ ಸ್ಪಷ್ಟವಾಗಿ ಹೇಳಿತು. ಅಷ್ಟನ್ನು ಬರೆದು ಹೇಳಬೇಕಾಯಿತು ಅಂದರೆ ಪರಿಸ್ಥಿತಿ ಲೆಕ್ಕ ಹಾಕಿ.

ಖರ್ಚು ಗ್ರಾಫ್ಟಿಗೆ 45 ರೂಪಾಯಿಯಂತೆ 94,500. ಇದು ಚಂದಕ್ಕೆ ಮಾಡಿಸುವ ಕೆಲಸ ಅಂತ 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,11,510. ಇನ್ಶೂರೆನ್ಸ್ ಸಿಗಲ್ಲ.

ಮೂರನೇ ದಿನ ಹಣೆಯ ಬಾವು ಇಳಿದು ಕಣ್ಣಿಗೆ ಬಂತು, ಮಗಳು ನನ್ನನ್ನು ನೋಡಿ ಅತ್ತಳು. ಒಂದು ವಾರ ಒರಗು ದಿಂಬಿಟ್ಟು ಅರ್ಧ ಕೂತೇ ನಿದ್ದೆ. ಹತ್ತು ಹನ್ನೆರಡು ದಿನಕ್ಕೆ ಹಕ್ಕಳೆ ಬಿತ್ತು. ಮೂರನೇ ವಾರ ನೆಟ್ಟ ಕೂದಲೂ ಬೀಳತೊಡಗಿತು. ಬುಡ ಒಳಗೇ ಇರುತ್ತೆ, ಮೇಲಿನ ಕಡ್ಡಿ ಮಾತ್ರ ಬೀಳುತ್ತೆ ಅಂತ ಗೊತ್ತಿದ್ದೂ ಟವೆಲ್ ನೋಡಿದರೆ ಹೊಟ್ಟೆ ಉರಿಯಿತು. ಸಂಕ್ರಾಂತಿಗೆ ಊರಿಗೆ ಹೋದಾಗ ಮೊದಲಿಗಿಂತ ಬೋಳಾಗಿದ್ದೆ. "ಒಂದು ಲಕ್ಷ ಕೊಟ್ಟು ಬೋಳಿಸ್ಕಂಡು ಬಂದವ್ನೆ" ಅಂತ ಅಪ್ಪ ಜಗಲಿಯಲ್ಲಿ ಎಲ್ಲರಿಗೂ ಹೇಳಿದ. ನಾಲ್ಕನೇ ತಿಂಗಳು ಸಪೂರ, ಸುರುಳಿ ಕೂದಲು ಇಣುಕಿತು. ಎಂಟನೇ ತಿಂಗಳಿಗೆ ಬಾಚಬಹುದಾಯಿತು. ವರ್ಷಕ್ಕೆ ನೆಟ್ಟಗಾಯಿತು.

ನೆತ್ತಿ ಇನ್ನೂ ತೆಳ್ಳಗಿದೆ. ಕೇಳಿದೆ, ಮೇಡಂ ಒಪ್ಪಲಿಲ್ಲ. ಉಳಿದ ಬುಡ ಮುಂದಕ್ಕೆ ಬೇಕಾಗುತ್ತೆ, ಔಷಧಿ ಬಿಡಬೇಡಿ ಅಂದರು. ಬಿಟ್ಟಿಲ್ಲ. ಕಳೆದ ತಿಂಗಳು ಸೆಲೂನಿನಲ್ಲಿ ಹುಡುಗ ಹಿಂದೆ ಟ್ರಿಮ್ಮರ್ ಓಡಿಸುತ್ತಾ ನಿಲ್ಲಿಸಿ, "ಅಣ್ಣ, ಇಲ್ಲಿ ಸಾಸಿವೆ ಥರ ಬಿಳಿ ಚುಕ್ಕಿ ಇದೆಯಲ್ಲ, ಏನಿದು?" ಅಂದ. ಪೈರು ಕಿತ್ತ ಜಾಗ ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಹಿಂದೆ ಮೂರನೇ ನಂಬರಿಗಿಂತ ಕೆಳಗೆ ಹೋಗಬೇಡಪ್ಪಾ ಅಂತ ಮಾತ್ರ ಹೇಳಿದೆ.