ಕನಗನಹಳ್ಳಿ ಸ್ತೂಪ: ಕಲ್ಲು ಓದಲು ನಾನು ಅನುಸರಿಸುವ ಕ್ರಮ

ಕಲಬುರಗಿ ಜಿಲ್ಲೆಯ ಸನ್ನತಿ ಅಂದರೆ ಹೆಚ್ಚಿನವರಿಗೆ ಚಂದ್ರಲಾಂಬೆಯ ಗುಡಿ. ಅಲ್ಲೇ ಸಮೀಪ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ 1994ರಿಂದ ಕೆಲವು ವರ್ಷ ನಡೆದ ಉತ್ಖನನದಲ್ಲಿ ಹೊರಬಂದದ್ದು ಬೌದ್ಧ ಮಹಾಸ್ತೂಪ. ಶಾಸನಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ ಅನ್ನುತ್ತವೆ. ಸ್ತೂಪ ಎಂಬುದೇ ಪವಿತ್ರ ಧಾತುವಿನ ಮೇಲೆ ಎತ್ತಿದ ಗುಮ್ಮಟದ ಕಲ್ಪನೆ. ಅದಕ್ಕೆ ಒಳಹೊಕ್ಕು ನೋಡುವ ಗರ್ಭಗುಡಿ ಇಲ್ಲ, ಸುತ್ತಿಯೇ ನೋಡಬೇಕು. ಕೆಳಗೆ ದುಂಡು ಪೀಠವಾದ ಮೇಧಿ, ಅದರ ಮೇಲೆ ಗುಮ್ಮಟವಾದ ಅಂಡ, ನಾಲ್ಕು ದಿಕ್ಕಿಗೂ ಮುಂಚಾಚಿದ ಆಯಕ ವೇದಿಕೆ. ಆಯಕ ಆಂಧ್ರದ ಅಮರಾವತಿ, ನಾಗಾರ್ಜುನಕೊಂಡಗಳ ಸ್ತೂಪಗಳಲ್ಲೂ ಉಂಟು.

ನಾನು ಮೊದಲು ದಿಕ್ಸೂಚಿ ಹಿಡಿದು ನಾಲ್ಕು ಆಯಕ ಗುರುತಿಸುತ್ತೇನೆ, ಪೂರ್ವದಿಂದ ಪ್ರದಕ್ಷಿಣೆ ಹೊರಡುತ್ತೇನೆ. ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಪ್ರದಕ್ಷಿಣೆಯಲ್ಲಿ ಸ್ತೂಪ ಬಲಗಡೆ ಇರುತ್ತದೆ. ಅದರ ಕಡೆ ಮುಖ ಮಾಡಿ ನಿಂತರೆ ಮುಂದಿನ ಕೆತ್ತನೆಯ ಫಲಕ ಸಿಗುವುದು ಎಡಕ್ಕೆ. ನಾವೋ ಬರೆಯುವ ಅಭ್ಯಾಸದಂತೆ ಎಡದಿಂದ ಬಲಕ್ಕೆ ಫೋಟೊಗಳಿಗೆ ಸಂಖ್ಯೆ ಹಾಕುತ್ತೇವೆ, ನಡೆಯುವವನು ಕಂಡ ಕ್ರಮವೇ ತಲೆಕೆಳಗಾಗುತ್ತದೆ. ಸಂಖ್ಯೆಯನ್ನು ನಡೆದ ದಾರಿಯಂತೆಯೇ ಕೊಡಬೇಕು.

ಗಾತ್ರ ತಿಳಿಯಲು ದಾರ ಸಾಕು. ಬಾಗಿದ ಅಂಚಿನ ಎರಡು ಬಿಂದುಗಳ ನಡುವೆ ನೇರ ದಾರ ಎಳೆದು, ಮಧ್ಯದಲ್ಲಿ ದಾರಕ್ಕೂ ಅಂಚಿಗೂ ಇರುವ ಅಂತರ ಅಳೆಯಬೇಕು. ದಾರದ ಉದ್ದದ ವರ್ಗವನ್ನು ಅಂತರದ ಎಂಟರಷ್ಟರಿಂದ ಭಾಗಿಸಿ, ಅಂತರದ ಅರ್ಧ ಕೂಡಿಸಿದರೆ ತ್ರಿಜ್ಯ. ಉದಾಹರಣೆಗೆ 2 ಮೀಟರ್ ದಾರಕ್ಕೆ 5 ಸೆಂ.ಮೀ. ಅಂತರ ಬಂದರೆ ತ್ರಿಜ್ಯ ಸುಮಾರು 10 ಮೀಟರ್. ಆದರೆ ಅರ್ಧ ಸೆಂ.ಮೀ. ಹೆಚ್ಚು ಓದಿದರೆ ತ್ರಿಜ್ಯದಲ್ಲಿ 90 ಸೆಂ.ಮೀ. ಕಳೆದುಹೋಗುತ್ತದೆ! ದಾರ 4 ಮೀಟರ್ ಆದರೆ ಅದೇ ತಪ್ಪಿಗೆ ವ್ಯತ್ಯಾಸ 25 ಸೆಂ.ಮೀ. ಒಳಗೇ ಉಳಿಯುತ್ತದೆ. ಸಿಕ್ಕಷ್ಟು ಉದ್ದದ ಅಂಚನ್ನೇ ಹುಡುಕಿ, ದಾರ ಜೋಲಬಾರದು.

ಇನ್ನು ಫಲಕಗಳ ಅಡಿಬರಹ. ಸುಣ್ಣಕಲ್ಲಿನ ಮೇಲೆ ಪ್ರಾಚೀನ ಬ್ರಾಹ್ಮಿ ಲಿಪಿಯ ಅಕ್ಷರಗಳು ತೆಳ್ಳಗೆ ಕೂತಿವೆ. ಬಿಸಿಲು ನೇರವಾಗಿ ಬಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಬಿಸಿಲು ಕಲ್ಲನ್ನು ಸವರುವಂತೆ ಓರೆಯಾಗಿ ಬೀಳುವ ಹೊತ್ತೇ ಬೇಕು. ಉತ್ತರದ ಮುಖಕ್ಕೆ ಟಾರ್ಚನ್ನು ಕಲ್ಲಿಗೆ 10–15 ಡಿಗ್ರಿ ಓರೆಯಾಗಿ ಹಿಡಿಯುತ್ತೇನೆ. ಎಡದಿಂದ ಒಂದು, ಬಲದಿಂದ ಒಂದು, ಹೀಗೆ ಎರಡು ಫೋಟೊ ಬೇಕೇ ಬೇಕು. ಕೆಳಗಿನಿಂದ ಬೆಳಕು ಬಿಟ್ಟರೆ ಉಬ್ಬು ತಗ್ಗಾಗಿ ಕಾಣುತ್ತದೆ. ಸೀಮೆಸುಣ್ಣ ತಿಕ್ಕುವುದು, ನೀರು ಚಿಮುಕಿಸುವುದು ಕಲ್ಲಿಗೆ ಮಾಡುವ ದ್ರೋಹ. ಟ್ರೈಪಾಡ್ ಬಳಸಲು ಪುರಾತತ್ವ ಸರ್ವೇಕ್ಷಣೆಯ ಅನುಮತಿ ಮೊದಲೇ ಪಡೆದಿರಬೇಕು.

ರಾಣಿ, ಪರಿಚಾರಿಕೆಯರೊಂದಿಗೆ ಅಶೋಕ ನಿಂತ ಫಲಕವನ್ನೇ ನೋಡಿ. ಅಡಿಬರಹದ ಮೊದಲ ಪದವನ್ನು ಕೆಲವರು ‘ರಾಯಾ’ (ರಾಜ) ಎಂದೂ ಕೆಲವರು ‘ರಾಣ್ಯೋ’ ಎಂದೂ ಓದಿದ್ದಾರೆ. ಅಶೋಕನ ಹೆಸರಿನ ‘ಕ’ ಅಕ್ಷರ ಬ್ರಾಹ್ಮಿಯಲ್ಲಿ ಕೂಡಿಸುವ ಚಿಹ್ನೆಯ (+) ಹಾಗೆ ಇರುತ್ತದೆ. ಅದರ ತಲೆಯ ಎರಡೂ ಬದಿಗೆ ಗೀರು ಇದ್ದರೆ ‘ಕೊ’. ಆ ಗೀರು ಸ್ವರಚಿಹ್ನೆಯೋ, ಕಲ್ಲು ಚಕ್ಕೆ ಎದ್ದದ್ದೋ? ಉಳಿಯ ಗೀರಿಗೆ ಎರಡು ಗೋಡೆ, ಒಂದು ತಳ. ಟಾರ್ಚ್ ಎಡದಿಂದ ಬಲಕ್ಕೆ ಹೋದರೆ ನೆರಳೂ ಒಂದು ಗೋಡೆಯಿಂದ ಇನ್ನೊಂದಕ್ಕೆ ಶುಚಿಯಾಗಿ ದಾಟುತ್ತದೆ. ಚಕ್ಕೆಯಲ್ಲಿ ನೆರಳು ಹರಡಿ, ಒಂದು ಅಂಚಿನಲ್ಲಿ ಮಾಯವಾಗುತ್ತದೆ.

ಇಷ್ಟು ತಾಳ್ಮೆ ಯಾಕೆಂದರೆ ಸಾತವಾಹನರ ಚರಿತ್ರೆಯೇ ಈ ಸಣ್ಣ ಸಾಲುಗಳಲ್ಲಿದೆ. ವಂಶದ ಮೊದಲ ದೊರೆ ಎನ್ನಲಾಗುವ ಛಿಮುಕನ ಹೆಸರಿದೆ. ಅದೇ ವಂಶದ ದೊರೆ ಪುಳುಮಾವಿ ಉಜ್ಜಯಿನಿಯನ್ನು ಕೊಡುತ್ತಾನೆ. ಇನ್ನೊಂದು ಸಾಲಿನಲ್ಲಿ ಶಾತಕರ್ಣಿ ಈ ಮಹಾಚೈತ್ಯಕ್ಕೇ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಾನೆ: ‘ರುಪಾಮಯಾನಿ ಪಯುಮಾನಿ’.