ಸೊಂಟದ ಕೃತಕ ಕೀಲು ಎಷ್ಟು ಸವೆದಿದೆ? ಎಕ್ಸ್‌ರೇಯಲ್ಲಿ ಹೀಗೆ ಅಳೆಯಿರಿ

ಕೃತಕ ಕೀಲಿನ ಪ್ಲಾಸ್ಟಿಕ್ ಸವೆಯುವಾಗ ಎಷ್ಟೋ ವರ್ಷ ನೋವೇ ಇರುವುದಿಲ್ಲ. 'ಚೆನ್ನಾಗಿ ನಡೀತಿದ್ದೀನಲ್ಲ, ಎಕ್ಸ್‌ರೇ ಯಾಕೆ?' ಎಂದು ನಮ್ಮಮ್ಮ ಮುಂದೂಡುತ್ತಲೇ ಬಂದಿದ್ದಳು. ಕೊನೆಗೆ ತೆಗೆಸಿದಾಗ ಡಾಕ್ಟರು ಸ್ಕೇಲ್ ಹಿಡಿದು ಲೆಕ್ಕ ತೋರಿಸಿಕೊಟ್ಟರು.

ಈ ಕೀಲಿನಲ್ಲಿ ತೊಡೆಮೂಳೆಯ ತುದಿಗೆ ಲೋಹದ ಅಥವಾ ಸೆರಾಮಿಕ್ ಗುಂಡು ಇರುತ್ತದೆ. ಅದು ಕೂರುವ ಬಟ್ಟಲಿನ ಒಳಪದರ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಈ ಕೀಲನ್ನು ರೂಪಿಸಿದ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಡಾ. ಜಾನ್ ಚಾರ್ನ್ಲಿ ಬಟ್ಟಲಿಗೆ ಮೊದಲು ಟೆಫ್ಲಾನ್ ಬಳಸಿದ್ದರು. ಎರಡು-ಮೂರು ವರ್ಷಕ್ಕೇ ಸವೆದುಹೋಯಿತು. 1962ರಲ್ಲಿ ಸೇಲ್ಸ್‌ಮನ್ ಒಬ್ಬರು ಮಗ್ಗದ ಗೇರ್‌ಗೆ ಬಳಸುವ ಪ್ಲಾಸ್ಟಿಕ್ ತಂದುಕೊಟ್ಟರು. ಅದೇ ಈ ಪಾಲಿಎಥಿಲೀನ್. ಚಾರ್ನ್ಲಿಗೆ ಅದು ಹಿಡಿಸಲಿಲ್ಲ. ಸಹಾಯಕ ಹ್ಯಾರಿ ಕ್ರೇವನ್ ಸುಮ್ನೆ ಬಿಡದೆ ಯಂತ್ರಕ್ಕೆ ಹಾಕಿ ಉಜ್ಜಿ ನೋಡಿದರು. ಟೆಫ್ಲಾನ್ ಒಂದು ದಿನಕ್ಕೆ ಸವೆಯುವಷ್ಟು ಇದು ಮೂರು ವಾರಕ್ಕೂ ಸವೆದಿರಲಿಲ್ಲ!

ಈಗ ಅಳತೆಗೆ ಬರೋಣ. ಎರಡು ಎಕ್ಸ್‌ರೇ ಬೇಕು. ಆಪರೇಷನ್ ಆಗಿ ಒಂದು ವರ್ಷಕ್ಕೆ ತೆಗೆದದ್ದು ಒಂದು, ಈಗಿನದು ಇನ್ನೊಂದು. ಮೊದಲ ವರ್ಷ ಪ್ಲಾಸ್ಟಿಕ್ ಭಾರಕ್ಕೇ ಸ್ವಲ್ಪ ತಗ್ಗುತ್ತದೆ. ಅದು ಸವೆತವಲ್ಲ. ಹಾಗಾಗಿ ಆಪರೇಷನ್ ಮರುದಿನದ ಎಕ್ಸ್‌ರೇ ಇಟ್ಟುಕೊಂಡು ಲೆಕ್ಕ ಹಾಕಿದರೆ ಸವೆತ ಜಾಸ್ತಿ ಕಾಣುತ್ತದೆ.

ಗುಂಡಿನ ಅಳತೆ ಆಸ್ಪತ್ರೆಯ ಕಾಗದದಲ್ಲಿರುತ್ತದೆ. 28 ಮಿ.ಮೀ. ಅಂದುಕೊಳ್ಳಿ. ಹಳೆಯ ಫಿಲ್ಮ್‌ನಲ್ಲಿ ಅದು 33.6 ಮಿ.ಮೀ. ಕಂಡರೆ ಚಿತ್ರ 1.2 ಪಟ್ಟು ದೊಡ್ಡದು ಎಂದರ್ಥ. ಗುಂಡಿಗೂ ಲೋಹದ ಬಟ್ಟಲಿನ ಹೊರಅಂಚಿಗೂ ನಡುವೆ, ಮೇಲ್ಭಾಗದಲ್ಲಿ ಕಾಣುವ ಅಂತರ ಅಳೆಯಿರಿ. 9.6 ಇದ್ದರೆ ನಿಜವಾದ ಅಂತರ 8 ಮಿ.ಮೀ. ಹೊಸ ಪ್ರಿಂಟ್‌ನಲ್ಲಿ ಗುಂಡು 14 ಮಿ.ಮೀ. ಮಾತ್ರ ಕಾಣಬಹುದು. ಆಗ ಚಿತ್ರ ಅರ್ಧದಷ್ಟು. ಅದೇ ಜಾಗದ ಅಂತರ 3.25 ಇದ್ದರೆ ನಿಜಕ್ಕೂ 6.5. ಅಲ್ಲಿಗೆ 1.5 ಮಿ.ಮೀ. ಸವೆದಿದೆ. ಎರಡು ಎಕ್ಸ್‌ರೇಗಳ ನಡುವೆ 15 ವರ್ಷವಾಗಿದ್ದರೆ ವರ್ಷಕ್ಕೆ 0.1. ಪ್ರತಿ ಫಿಲ್ಮ್‌ಗೂ ಬೇರೆಯಾಗಿಯೇ ಲೆಕ್ಕ ಹಾಕಬೇಕು. ಇದು ಕೈ ಅಂದಾಜು ಅಷ್ಟೇ. ನಿಖರವಾಗಿ ಅಳೆಯುವುದು ಡಾಕ್ಟರ ಕಂಪ್ಯೂಟರಿನಲ್ಲಿ.

0.1 ಅಂದರೆ ಏನು ಮಹಾ ಅನ್ನಿಸುತ್ತೆ, ಅಲ್ವಾ? ಈ ಗುಂಡಿಗೆ ಅದು ವರ್ಷಕ್ಕೆ ಸುಮಾರು 60 ಘನ ಮಿ.ಮೀ. ಪುಡಿ. ಪುಡಿಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತ, ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗಕ್ಕಿಂತ, ಚಿಕ್ಕವು. ದೇಹದ ರಕ್ಷಕ ಜೀವಕೋಶಗಳು ಅವನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರವು. ಆ ಜೀವಕೋಶಗಳು ಹೊರಬಿಡುವ ರಾಸಾಯನಿಕದಿಂದ ಸುತ್ತಲಿನ ಮೂಳೆ ಕರಗತೊಡಗುತ್ತದೆ, ಬಟ್ಟಲು ಸಡಿಲವಾಗಬಹುದು. ಎಕ್ಸ್‌ರೇಯಲ್ಲಿ ಬಟ್ಟಲಿನ ಹಿಂದೆ ಕಪ್ಪು ಮಚ್ಚೆ ಕಂಡರೆ ಅದೇ ಮೂಳೆ ಕರಗಿದ ಗುರುತು.

1990ರ ದಶಕದ ಕೊನೆಯಲ್ಲಿ ಬಂದ ಕ್ರಾಸ್‌ಲಿಂಕ್ ಮಾಡಿದ (ಅಣುಗಳ ಎಳೆಗಳನ್ನು ಒಂದಕ್ಕೊಂದು ಬೆಸೆದ) ಪ್ಲಾಸ್ಟಿಕ್ ತುಂಬಾ ಕಡಿಮೆ ಸವೆಯುತ್ತದೆ. ನಿಮ್ಮದು ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಅಮ್ಮನಿಗೆ ಮಚ್ಚೆ ಕಾಣಿಸಿತ್ತು, ಆದರೆ ಬಟ್ಟಲು ಇನ್ನೂ ಗಟ್ಟಿಯಾಗಿತ್ತು. ಹಾಗಾಗಿ ಒಳಪದರ, ಗುಂಡು ಮಾತ್ರ ಬದಲಾಯಿಸಿದರು. ತೆಗೆದ ಪ್ಲಾಸ್ಟಿಕ್ಕನ್ನು ನೋಡಿದೆ. ಒಂದು ಬದಿ ತೆಳ್ಳಗಾಗಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು.